ಟ್ಯೂಬ್‌ಲೈಟ್ ಉರಿಸಿ ದೆವ್ವದ ಸಿನಿಮಾ ತೋರಿಸುತ್ತಾರಾ?

ಮಾನ್ಯ ಸಂಪಾದಕರೇ,

ಸೋಮವಾರದ ನಿಮ್ಮ ಜಿಲ್ಲಾ ಪುಟದಲ್ಲಿ ‘ಹಳೆ ಚಿತ್ರಕ್ಕೆ ಜನರ ನಿರಾಸಕ್ತಿ’ ಎಂಬ ವರದಿ ಓದಿ ಮೈ ಉರಿಯಿತು. ಭಾನುವಾರ ಕಾರವಾರದ ಆ ಸಭಾಂಗಣದಲ್ಲಿ ನಾನೂ ಇದ್ದೆ. ಜನ ಅರ್ಧಕ್ಕೆ ಎದ್ದು ಹೋದರು ಅಂತ ಬರೆದಿದ್ದೀರಿ. ಹೋದದ್ದು ನಿಜ. ಯಾಕೆ ಹೋದರು ಅಂತ ನಿಮ್ಮ ವರದಿಗಾರರು ಒಬ್ಬರನ್ನಾದರೂ ಕೇಳಬೇಕಿತ್ತು, ಅಲ್ವಾ? ಅವರು ಭಾಷಣ ಮುಗಿದು ಫೋಟೊ ತೆಗೆದ ಕೂಡಲೇ ಹೊರಟುಬಿಟ್ಟರು. ಸಿನಿಮಾ ಶುರುವಾದಾಗ ಅವರು ಅಲ್ಲಿ ಇರಲಿಲ್ಲ.

ಅಂದು ಹಾಕಿದ್ದು ‘ದಿ ಇನೊಸೆಂಟ್ಸ್’. 1961ರ ಕಪ್ಪು-ಬಿಳುಪು ಚಿತ್ರ. ಜ್ಯಾಕ್ ಕ್ಲೇಟನ್ ನಿರ್ದೇಶನ, ಡೆಬೊರಾ ಕೆರ್ ನಾಯಕಿ. ನಾನು ಧಾರವಾಡದಲ್ಲಿ ಓದುವಾಗ ಒಮ್ಮೆ ನೋಡಿದ್ದೆ. ಅವತ್ತು ರಾತ್ರಿ ಹಾಸ್ಟೆಲ್ಲಿನ ಉದ್ದ ಪಡಸಾಲೆಯಲ್ಲಿ ಒಬ್ಬನೇ ನಡೆಯಲು ಆಗಿರಲಿಲ್ಲ. ಆ ಹೆಸರನ್ನು ಕಾರವಾರದ ಕರಪತ್ರದಲ್ಲಿ ಕಂಡಾಗ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ತಂಗಿಯ ಮಗಳು ಪಿಯುಸಿ ಓದುತ್ತಾಳೆ. ಅವಳ ಟ್ಯೂಷನ್ ತಪ್ಪಿಸಿ ಕರೆದುಕೊಂಡು ಹೋದೆ. ಆರಿದ್ರಾ ಮಳೆ ಹೊಡೆಯುತ್ತಿತ್ತು. ಅಂಕೋಲೆ ಸ್ಟ್ಯಾಂಡಿನಲ್ಲಿ ಮುಕ್ಕಾಲು ತಾಸು ಬಸ್ಸಿಗೆ ಕಾದೆವು. ಬಂದ ಬಸ್ಸಿನಲ್ಲಿ ಕೂರಲು ಜಾಗ ಇಲ್ಲ. ಹುಡುಗಿಯ ಚಪ್ಪಲಿ ಬೇರೆ ಕಿತ್ತುಹೋಯಿತು. ಆದರೂ ನಾಲ್ಕಕ್ಕೆ ಮೊದಲೇ ಹೋಗಿ ಕೂತೆವು.

ನಾಲ್ಕಕ್ಕೆ ಶುರು ಅಂದಿದ್ದರು. ಸಿನಿಮಾ ಹಾಕಿದ್ದು ಐದೂಕಾಲಿಗೆ. ಅಲ್ಲಿಯವರೆಗೆ ಭಾಷಣ. ಟಾಗೋರರು ಕಾರವಾರಕ್ಕೆ ಬಂದಿದ್ದರು, ಇಲ್ಲಿ ನಾಟಕ ಬರೆದರು ಎಂಬುದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಅದನ್ನು ಮೂವರು ಮೂರು ಸಲ ಹೇಳಿದರು. ಅವತ್ತಿನ ಚಿತ್ರದ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ.

ಈ ಚಿತ್ರ ಶುರುವಾಗುವುದೇ ಕತ್ತಲೆಯಲ್ಲಿ. ಪರದೆ ಪೂರ್ತಿ ಕಪ್ಪು. ಒಂದು ಮಗುವಿನ ದನಿ ಮಾತ್ರ ಹಾಡುತ್ತಿರುತ್ತದೆ. ಕಂಪನಿಯ ಗುರುತು ಕೂಡ ಆಮೇಲೆ ಬರುತ್ತದೆ. ಕೂತವನ ಎದೆಯೊಳಗೆ ಭಯ ಕಾಲಿಡುವುದು ಆ ಅರೆನಿಮಿಷದಲ್ಲಿ. ನಮ್ಮ ಯಂತ್ರ ನಡೆಸುವವರು ಚಿತ್ರ ಬರುತ್ತಿಲ್ಲ ಅಂದುಕೊಂಡು ಅದನ್ನು ಮುಂದಕ್ಕೆ ಓಡಿಸಿಬಿಟ್ಟರು! ಯಕ್ಷಗಾನದಲ್ಲಿ ಚೆಂಡೆ ಬಡಿಯುವಾಗ ರಂಗದ ಮೇಲೆ ಯಾರೂ ಇಲ್ಲ ಅಂತ ಆಟವನ್ನು ಹಾರಿಸುತ್ತೇವಾ? ಆ ಹುಡುಗನನ್ನು ನಾನು ಬೈಯುವುದಿಲ್ಲ. ಅವನಿಗೆ ಮೊದಲೇ ಹೇಳಿಕೊಡಬೇಕಾದವರು ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುತ್ತಿದ್ದರು.

ಮುಂದಿನದು ಇನ್ನೂ ಕಷ್ಟ. ಇದು ಸಿನಿಮಾಸ್ಕೋಪ್ ಚಿತ್ರ, ಅಂದರೆ ಅಗಲ ಪರದೆಯದ್ದು. ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಫಿಲ್ಟರುಗಳ ಅಂಚಿಗೆ ಕೈಯಾರೆ ಬಣ್ಣ ಬಳಿದು ಪರದೆಯ ಎರಡೂ ಬದಿಯನ್ನು ಕತ್ತಲಾಗಿಸಿದ್ದರು. ನಡುವೆ ಬೆಳಕು, ಅಂಚಿನಲ್ಲಿ ಕತ್ತಲು. ಆ ಕತ್ತಲಿನಿಂದ ಯಾರು ಬರುತ್ತಾರೋ ಅಂತ ಕಣ್ಣು ಅಲ್ಲೇ ಅಂಟಿಕೊಳ್ಳಬೇಕು. ಇವರು ಎರಡೂ ಬದಿ ಕತ್ತರಿಸಿ ಚೌಕಮಾಡಿ ತೋರಿಸಿದರು. ಸಾಲದ್ದಕ್ಕೆ, ಹುಡುಗರು ಗಲಾಟೆ ಮಾಡುತ್ತಾರೆ ಅಂತ ಎರಡು ಟ್ಯೂಬ್‌ಲೈಟ್ ಉರಿಯಲು ಬಿಟ್ಟರು. ಎದ್ದು ಹೋಗಿ ಆರಿಸಿ ಅಂತ ಕೈಮುಗಿದೆ. ಕಾರ್ಯಕ್ರಮ ನಡೆಸುವ ಸಾಹೇಬರ ಆರ್ಡರ್ ಅಂದರು. ಸಾಹೇಬರು ಅಷ್ಟರಲ್ಲಿ ಕಾರು ಹತ್ತಿ ಹೋಗಿಯಾಗಿತ್ತು.

ಸಂಪಾದಕರೇ, ಈ ಚಿತ್ರದಲ್ಲಿ ಒಂದು ದೃಶ್ಯವಿದೆ. ದೊಡ್ಡ ಬಂಗಲೆಯ ಇಬ್ಬರು ಮಕ್ಕಳಿಗೆ ಪಾಠ ಹೇಳಲು ಬಂದ ಹೆಂಗಸಿನ ಪಾತ್ರ ಡೆಬೊರಾ ಕೆರ್ ಅವರದ್ದು. ಮೊದಲು ಅಲ್ಲಿದ್ದ ಟೀಚರು ಸತ್ತಿದ್ದಾಳೆ. ಒಂದು ದಿನ ಆ ಸತ್ತವಳು ಪಾಠದ ಕೋಣೆಯಲ್ಲಿ ಕೂತು ಅಳುತ್ತಿರುವುದು ಈಕೆಗೆ ಕಾಣುತ್ತದೆ. ಹತ್ತಿರ ಹೋದರೆ ಯಾರೂ ಇಲ್ಲ. ಆದರೆ ಅಲ್ಲಿ ಒಂದು ಹನಿ ಕಣ್ಣೀರು ಬಿದ್ದಿದೆ. ಇಡೀ ಸಿನಿಮಾ ನಿಂತಿರುವುದು ಆ ಒಂದು ಹನಿಯ ಮೇಲೆ. ದೆವ್ವ ಈಕೆಯ ತಲೆಯೊಳಗಿನದ್ದು ಅಂದರೆ ಆ ಹನಿ ಎಲ್ಲಿಂದ ಬಂತು? ದೆವ್ವ ನಿಜ ಅಂದರೆ ಮನೆ ನೋಡಿಕೊಳ್ಳುವ ಹೆಂಗಸಿಗೆ ಅದು ಯಾಕೆ ಒಮ್ಮೆಯೂ ಕಾಣುವುದಿಲ್ಲ? ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ಕಥೆ ಇದು. ಅಂದಿನಿಂದ ಇಂದಿನವರೆಗೆ ಓದಿದವರು ಈ ಪ್ರಶ್ನೆ ಹಿಡಿದು ಜಗಳ ಆಡುತ್ತಲೇ ಇದ್ದಾರೆ. ಅದಕ್ಕೇ 60 ವರ್ಷ ದಾಟಿದರೂ ಈ ಚಿತ್ರ ಹಳಸಿಲ್ಲ. ಭಾನುವಾರ ಟ್ಯೂಬ್‌ಲೈಟಿನ ಬೆಳಕಿಗೆ ಆ ಹನಿ ಕಾಣಲೇ ಇಲ್ಲ. ಪಕ್ಕದಲ್ಲಿ ಕೂತ ಹುಡುಗಿ, ‘ಮಾವ, ಅವಳು ಏನನ್ನು ಮುಟ್ಟಿ ನೋಡಿದಳು?’ ಅಂತ ಕೇಳಿದಳು. ನನಗೆ ಅಳು ಬಂತು.

ನಮ್ಮ ಕಡೆಯ ಜನಕ್ಕೆ ಇಂಥದ್ದು ಹಿಡಿಸುವುದಿಲ್ಲ ಅಂತ ಯಾರು ಹೇಳಿದ್ದು? ಈ ಚಿತ್ರದಲ್ಲಿ ಕೆರೆಯ ಆಚೆ ಜೊಂಡಿನ ನಡುವೆ ಕಪ್ಪು ಬಟ್ಟೆಯ ಹೆಂಗಸು ಸುಮ್ನೆ ನಿಂತಿರುತ್ತಾಳೆ. ಹಾಡು ಹಗಲು. ಅವಳು ಕಿರುಚುವುದಿಲ್ಲ, ಓಡಿ ಬರುವುದಿಲ್ಲ. ನಮ್ಮ ಗಜನಿಯ, ಅಂದರೆ ಉಪ್ಪುನೀರಿನ ಗದ್ದೆಯ ದಂಡೆಯಲ್ಲಿ ಮಳೆಗಾಲದ ಮಧ್ಯಾಹ್ನ ಒಬ್ಬರೇ ನಡೆದವರಿಗೆ ಆ ಭಯ ಗೊತ್ತು. ಚೌಡಿ ಬನದ ಹತ್ತಿರ ಹಾಯುವಾಗ ಮಾತು ನಿಲ್ಲಿಸುವವರು ನಾವು. ಅಮ್ಮಮ್ಮ ಚಿಮಣಿ ಬುಡ್ಡಿ ಹಿಡಿದು ಹಿತ್ತಲಿಗೆ ಹೋಗುವಾಗ ಬೆನ್ನ ಹಿಂದಿನ ಕತ್ತಲು ದೊಡ್ಡದಾಗುತ್ತಿತ್ತಲ್ಲ, ಡೆಬೊರಾ ಕೆರ್ ಮೇಣದಬತ್ತಿ ಹಿಡಿದು ಆ ಬಂಗಲೆಯಲ್ಲಿ ನಡೆಯುವಾಗ ಅದೇ ಕತ್ತಲು ಕಾಣುತ್ತದೆ. ಬಣ್ಣದಲ್ಲಿ ಅದು ಸಿಗುವುದಿಲ್ಲ. ಇದನ್ನು ಬಿಟ್ಟು, ಮುಂದೆ ಹೊಸ ಬಣ್ಣದ ಚಿತ್ರಗಳನ್ನೇ ಹಾಕುತ್ತೇವೆ ಅಂತ ಸಾಹೇಬರು ನಿಮ್ಮ ಪತ್ರಿಕೆಗೆ ಹೇಳಿಕೆ ಕೊಟ್ಟಿದ್ದಾರೆ. ಅವರು ಒಂದು ದೃಶ್ಯವನ್ನೂ ನೋಡಿಲ್ಲ.

ಕೊನೆಯಂತೂ ಕೇಳಬೇಡಿ. ಚಿತ್ರ ಇರುವುದು 100 ನಿಮಿಷ. ಆರೂವರೆಗೆ ಬೀಗ ಹಾಕಬೇಕಂತೆ. ಚಿಕ್ಕ ಹುಡುಗಿಯನ್ನು ಊರಿಂದ ಕಳಿಸಿ, ಆಕೆ ಹುಡುಗನ ಜೊತೆ ಬಂಗಲೆಯಲ್ಲಿ ಒಬ್ಬಳೇ ಉಳಿಯುವ ಹೊತ್ತಿಗೆ ಯಂತ್ರ ಬಂದ್. ಎದೆ ಬಾಯಿಗೆ ಬರುವುದು ಅಲ್ಲಿಂದ ಮುಂದೆ. ಹದಿನೆಂಟು ಜನ ಕೂತಿದ್ದೆವು, ನಾನು ಎಣಿಸಿದ್ದೇನೆ. ಹದಿನೆಂಟೂ ಜನ ಬೇಡ ಬೇಡ ಅಂತ ಕೂಗಿದೆವು. ಇದಕ್ಕೆ ನಿರಾಸಕ್ತಿ ಅಂತೀರಾ?

ಆ ಸಭಾಂಗಣದ ಮಾಡು ನಾಲ್ಕು ಮಳೆಗಾಲದಿಂದ ಸೋರುತ್ತಿದೆ. ನಾನೇ ಎರಡು ಅರ್ಜಿ ಕೊಟ್ಟಿದ್ದೇನೆ. ಉತ್ತರವೇ ಇಲ್ಲ. ಶೌಚಾಲಯಕ್ಕೆ ಬೀಗ, ಕೀಲಿ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲ. ಈ ಜಿಲ್ಲೆಯ ಹಣೆಬರಹವೇ ಇದು. ದೊಡ್ಡ ಕಾಯಿಲೆ ಬಂದರೆ ಇವತ್ತಿಗೂ ಗೋವಾ, ಮಣಿಪಾಲ, ಮಂಗಳೂರು ಅಂತ ಓಡಬೇಕು. ಹುಬ್ಬಳ್ಳಿ–ಅಂಕೋಲಾ ರೈಲು ಬರುತ್ತದೆ ಅಂತ ಕೇಳಿ ಕೇಳಿ ನನ್ನ ತಲೆ ನರೆಯಿತು. ಕಾಳಿಯ ಹಳೆ ಸೇತುವೆ 2024ರ ಆಗಸ್ಟಿನಲ್ಲಿ ನಡುರಾತ್ರಿ ಕಳೆದು ಕುಸಿದು ಲಾರಿ ಹೊಳೆಗೆ ಬಿದ್ದ ಮೇಲೆಯೇ ಎಲ್ಲರಿಗೂ ಎಚ್ಚರವಾದದ್ದು. ಎಲ್ಲದರಲ್ಲೂ ಜನರದ್ದೇ ತಪ್ಪು, ಇವರದ್ದು ಏನೂ ಇಲ್ಲ.

ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ, ದೀಪ ಆರಿಸಿ, ಪೂರ್ತಿ ಅಗಲದಲ್ಲಿ ಇನ್ನೊಮ್ಮೆ ತೋರಿಸಬೇಕು. ಭಾಷಣ ಬೇಡ. ನಿಮ್ಮ ಪತ್ರಿಕೆಯೂ ಆ ವರದಿಯನ್ನು ತಿದ್ದಿ ಹಾಕಬೇಕು. ಮಾಡನ್ನೂ ರಿಪೇರಿ ಮಾಡಿಸಲಿ. ಆಗದಿದ್ದರೆ ಒಂದು ಸಂಜೆ ಕೀಲಿಯನ್ನು ನಮ್ಮ ಕೈಗೆ ಕೊಡಲಿ, ಪರದೆ ನಾವೇ ಕಟ್ಟಿಕೊಳ್ಳುತ್ತೇವೆ. ರಾತ್ರಿ ಒಂಬತ್ತೂವರೆಗೆ ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದಾಗ ಹುಡುಗಿ ಕೇಳಿದ್ದು ಒಂದೇ: ‘ಆ ಹುಡುಗನಿಗೆ ಏನಾಯ್ತು ಮಾವ?’ ನಾನು ಹೇಳಲಿಲ್ಲ. ಅದನ್ನು ಹೇಳಬೇಕಾದ್ದು ಆ ಪರದೆ. ಮಕ್ಕಳನ್ನು ಕರೆಸಿ ಅರ್ಧ ಕಥೆ ತೋರಿಸಿ ಬೀಗ ಜಡಿಯುವವರಿಗೆ ನಾಚಿಕೆ ಆಗಬೇಕು.

– ಒಬ್ಬ ಓದುಗ, ಅಂಕೋಲಾ