60 ಸಾವಿರದ ಪುಡಿ ದಿನಕ್ಕಲ್ಲ, ವಾರಕ್ಕೆ

ಮಾನ್ಯ ಸಂಪಾದಕರೇ,

ಮಂಡಿ ನೋವೆಂದರೆ ವಿಟಮಿನ್ ಡಿ, ಸುಸ್ತೆಂದರೆ ವಿಟಮಿನ್ ಡಿ, ಕೂದಲು ಉದುರಿದರೂ ವಿಟಮಿನ್ ಡಿ ಎನ್ನುವಂತಾಗಿದೆ. ವೈದ್ಯರ ಚೀಟಿಯಿಲ್ಲದೆ ಔಷಧ ಅಂಗಡಿಗೆ ಬಂದು ‘60 ಸಾವಿರದ ಪುಡಿ ಕೊಡಿ’ ಎನ್ನುವವರಿದ್ದಾರೆ. ಕೊರತೆ ಇದೆಯೆಂಬುದು ಸುಳ್ಳಲ್ಲ. ಆದರೆ ಆ ಪುಡಿಯ ಲೆಕ್ಕ ತಿಳಿಯದೆ ತಿಂದರೆ, ಕೊರತೆಗಿಂತ ಮೊದಲು ಅದೇ ಆಸ್ಪತ್ರೆಗೆ ಸೇರಿಸೀತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕರಿಗೆ ನಿಗದಿ ಮಾಡಿದ್ದು ದಿನಕ್ಕೆ 600 ಯೂನಿಟ್. ಒಂದು ಗ್ರಾಂನ ಆ ಸಣ್ಣ ಸ್ಯಾಶೆಯಲ್ಲಿರುವುದು 60,000 ಯೂನಿಟ್, ಅಂದರೆ ನೂರು ದಿನದ ಪಾಲು. ಕೊರತೆ ಖಚಿತವಾದ ವಯಸ್ಕರಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ವಾರಕ್ಕೊಂದರಂತೆ 8 ವಾರ, ಆಮೇಲೆ ಬೇಕಿದ್ದರೆ ತಿಂಗಳಿಗೊಂದು. ಎಡವಟ್ಟಾಗುವುದು ಇಲ್ಲೇ. ಚೀಟಿಯಲ್ಲಿ ಉಳಿದ ಗುಳಿಗೆಗಳ ಮುಂದೆಲ್ಲ 1-0-1 ಎಂದಿರುತ್ತದೆ; ಸ್ಯಾಶೆಯ ಮುಂದೆ ಮಾತ್ರ ವಾರಕ್ಕೊಮ್ಮೆ ಎಂದು ಇಂಗ್ಲಿಷಿನಲ್ಲಿ ಗೀಚಿರುತ್ತದೆ. ಮನೆಯ ಹಿರಿಯರು ಅದನ್ನೂ ದಿನಾ ರಾತ್ರಿ ಹಾಲಿಗೆ ಕದಡಿ ಕುಡಿದುಬಿಡುತ್ತಾರೆ.

ಇದು ಬಿ ಕಾಂಪ್ಲೆಕ್ಸ್‌ನಂತೆ ಹೆಚ್ಚಾದದ್ದು ಮೂತ್ರದಲ್ಲಿ ಹೋಗುವ ವಿಟಮಿನ್ ಅಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ಅತಿಯಾದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ಹಸಿವು ಸಾಯುತ್ತದೆ, ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಗಳಿಗೆಗೊಮ್ಮೆ ಮೂತ್ರ, ಕೊನೆಗೆ ಮಂಪರು. ಕಿಡ್ನಿಗೂ ಪೆಟ್ಟು. ಪುಡಿ ನಿಲ್ಲಿಸಿದರೂ ವಾರಗಟ್ಟಲೆ ಇಳಿಯುವುದಿಲ್ಲ. ವಯಸ್ಸಾದವರಲ್ಲಿ ಇದನ್ನು ಪಿತ್ತವೆಂದೋ ವಯೋಸಹಜ ಮರೆವೆಂದೋ ತಿಳಿದು ದಿನ ದೂಡುವವರೇ ಹೆಚ್ಚು.

‘ಒಂದೇ ಇಂಜೆಕ್ಷನ್, ವರ್ಷಕ್ಕೆ ಸಾಕು’ ಎಂಬ ಆಸೆಯೂ ಬೇಡ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಬಾಯಿಗೆ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲೇ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಗಿತ್ತು.

ಬೇರೆ ಔಷಧಗಳ ಜತೆಗಿನ ತಕರಾರೂ ಇದೆ. ಕ್ಯಾಲ್ಸಿಯಂ ಗುಳಿಗೆಯಲ್ಲಿ ಹೆಚ್ಚಾಗಿ ಡಿ3 (ವಿಟಮಿನ್ ಡಿಯದೇ ಒಂದು ರೂಪ) ಸೇರಿಯೇ ಇರುತ್ತದೆ, ಮಲ್ಟಿವಿಟಮಿನ್‌ನಲ್ಲೂ ಇರುತ್ತದೆ. ಸ್ಯಾಶೆ ತರುವ ಮೊದಲು ಮನೆಯಲ್ಲಿರುವ ಗುಳಿಗೆ ಪಟ್ಟಿಗಳಲ್ಲಿನ ಡಿಯನ್ನೆಲ್ಲ ಕೂಡಿಸಿ ನೋಡಿ. ಥೈರಾಯ್ಡ್ ಗುಳಿಗೆಗೂ ಕ್ಯಾಲ್ಸಿಯಂಗೂ 4 ತಾಸು ಅಂತರವಿರಲಿ. ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ ತಿನ್ನುವವರಲ್ಲಿ ಕ್ಯಾಲ್ಸಿಯಂ ಬೇಗ ಏರುತ್ತದೆ, ಆದ್ದರಿಂದ ವೈದ್ಯರಿಗೆ ಮೊದಲೇ ಹೇಳಬೇಕು. ಫಿಟ್ಸ್‌ಗೆ ಫೆನಿಟಾಯಿನ್, ಟಿಬಿಗೆ ರಿಫಾಂಪಿಸಿನ್ ತಿನ್ನುವವರದ್ದು ತಿರುಗುಮುರುಗು: ಆ ಗುಳಿಗೆಗಳೇ ಡಿ ಅನ್ನು ಬೇಗ ಕರಗಿಸುತ್ತವೆ. ಇನ್ನು 0.25 ಮೈಕ್ರೋಗ್ರಾಂನ ಕ್ಯಾಲ್ಸಿಟ್ರಿಯಾಲ್ ಎಂಬ ಪುಟ್ಟ ಕ್ಯಾಪ್ಸೂಲ್ ಇದೆ. ಅದು ಮುಖ್ಯವಾಗಿ ಕಿಡ್ನಿ ತೊಂದರೆಯವರಿಗೆ ಬರೆಯುವ ಬೇರೆಯೇ ಔಷಧ. ‘ಅದೂ ಡಿ, ಇದೂ ಡಿ’ ಎಂದು ಬದಲಿಸಿ ಕೊಳ್ಳುವಂತಿಲ್ಲ.

ಹಾಗಾದರೆ ನಿಜವಾದ ಕೊರತೆ ಹೇಗಿರುತ್ತದೆ? ನೆಲದ ಮೇಲೆ ಕೂತವರು ಕೈಯೂರದೆ ಏಳಲಾಗದು, ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ, ಮೊಣಕಾಲ ಕೆಳಗಿನ ಮುಂಗಾಲೆಲುಬನ್ನು ಹೆಬ್ಬೆರಳಿನಿಂದ ಒತ್ತಿದರೆ ನೋವು. ಡಿ ಇಲ್ಲದಾಗ ತಿಂದ ಕ್ಯಾಲ್ಸಿಯಂನಲ್ಲಿ ಶೇ 10-15 ಮಾತ್ರ ಮೈಗೆ ಹತ್ತುತ್ತದೆ. ಉಳಿದದ್ದನ್ನು ದೇಹ ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ, ಎಲುಬು ಮೆತ್ತಗಾಗುತ್ತದೆ. ಮಕ್ಕಳಲ್ಲಿ ಮಣಿಕಟ್ಟು ದಪ್ಪಗಾಗಿ ಕಾಲು ಬಿಲ್ಲಿನಂತೆ ಬಾಗುತ್ತದೆ, ನಡೆಯುವುದು ತಡವಾಗುತ್ತದೆ. ಇಂಥ ಲಕ್ಷಣವಿದ್ದವರಿಗೆ 25-ಹೈಡ್ರಾಕ್ಸಿ ವಿಟಮಿನ್ ಡಿ ಎಂಬ ರಕ್ತ ಪರೀಕ್ಷೆ ಬೇಕು. ಆರೋಗ್ಯವಾಗಿರುವವರು ಪ್ಯಾಕೇಜ್ ಅಗ್ಗವೆಂದು ಮಾಡಿಸಿಕೊಂಡು, ಬಂದ ಅಂಕಿಗೆ ಹೆದರುವುದು ದುಡ್ಡು ದಂಡ. ವರದಿಯಲ್ಲಿ ಅಂಕಿಯ ಮುಂದಿನ ಅಳತೆಯನ್ನೂ ಓದಿ: ಒಂದು ಮಿ.ಲೀ.ಗೆ 20 ನ್ಯಾನೋಗ್ರಾಂ ಎಂಬುದೂ ಲೀಟರಿಗೆ 50 ನ್ಯಾನೋಮೋಲ್ ಎಂಬುದೂ ಒಂದೇ. ಚಿಕಿತ್ಸೆ ಶುರುವಾದ ಮೇಲೆ 3 ತಿಂಗಳೊಳಗೆ ಮತ್ತೆ ಪರೀಕ್ಷಿಸಿದರೆ ಸರಿಯಾದ ಚಿತ್ರ ಸಿಗದು.

‘ಕಡಲತೀರದವರಿಗೆ ಬಿಸಿಲಿಗೇನು ಬರ’ ಎಂದು ಕೇಳಬಹುದು. ಚರ್ಮದಲ್ಲಿ ಡಿ ತಯಾರಾಗಲು ಬೇಕಾದ ಯುವಿಬಿ ಎಂಬ ಅತಿನೇರಳೆ ಕಿರಣ ಸೂರ್ಯ ಮೇಲಿದ್ದಾಗ ಮಾತ್ರ ನೆಲಕ್ಕೆ ಸಾಕಷ್ಟು ಮುಟ್ಟುತ್ತದೆ. ಗುರುತು ಸುಲಭ: ನಿಮ್ಮ ನೆರಳು ನಿಮಗಿಂತ ಗಿಡ್ಡವಿರಬೇಕು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ಏಳಕ್ಕೆ ವಾಕಿಂಗ್ ಮಾಡಿದರೆ ಹೃದಯಕ್ಕೆ ಒಳ್ಳೆಯದು, ಡಿ ಮಾತ್ರ ಹೆಚ್ಚೇನೂ ಹುಟ್ಟದು. ನಾವಿರುವ ಅಕ್ಷಾಂಶದಲ್ಲಿ ಡಿಸೆಂಬರ್‌ನ ನಡು ಮಧ್ಯಾಹ್ನವೂ ಐದಡಿ ಆಳಿಗೆ ನಾಲ್ಕಡಿ ನೆರಳು, ಹಾಗಾಗಿ ಚಳಿಗಾಲ ನಮಗೆ ಅಡ್ಡಿಯಲ್ಲ. ಅಡ್ಡಿಯಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡ. ಆ ನಾಲ್ಕು ತಿಂಗಳಿಗೆ ಮೈ ಏಪ್ರಿಲ್-ಮೇನಲ್ಲೇ ಕೂಡಿಟ್ಟುಕೊಳ್ಳಬೇಕು. ಬಂದರಿನಲ್ಲಿ ಮೀನು ಮಾರುವವರಿಗೆ ಅದು ತಾನಾಗಿ ಆಗುತ್ತದೆ. ಶಿರಸಿ ಕಡೆ ತೋಟದ ನೆರಳಿನಲ್ಲಿ, ಮಾಡಿನ ಕೆಳಗೆ ಅಡಕೆ ಸುಲಿಯುತ್ತ ದಿನವಿಡೀ ಕೂರುವವರಿಗೆ, ಬ್ಯಾಂಕು-ಕಚೇರಿಯವರಿಗೆ ಆಗುವುದಿಲ್ಲ. ಕಿಟಕಿ ಗಾಜಿನೊಳಗೆ ಬಿದ್ದ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ. ನಮ್ಮ ಮೈಬಣ್ಣಕ್ಕೆ ಹನ್ನೊಂದರಿಂದ ಮೂರರ ನಡುವೆ, ಕೈಕಾಲು ತೆರೆದು, ವಾರದಲ್ಲಿ ಮೂರ್ನಾಲ್ಕು ದಿನ ಅರ್ಧ ತಾಸು ಎಂದಿಟ್ಟುಕೊಳ್ಳಿ. ಚರ್ಮ ಉರಿಯುವ ಮೊದಲೇ ನೆರಳಿಗೆ ಬನ್ನಿ.

ಊಟದಿಂದ ಸಿಗುವುದು ಕಡಿಮೆ. ಬಂಗಡೆ, ತಾರ್ಲೆಯಂಥ ಎಣ್ಣೆ ಮೀನು, ಮೊಟ್ಟೆಯ ಹಳದಿ ಬಿಟ್ಟರೆ ಹೇಳಿಕೊಳ್ಳುವಂಥದ್ದಿಲ್ಲ. ಸಸ್ಯಾಹಾರಿಗಳು ವಿಟಮಿನ್ ಬೆರೆಸಿದ್ದೆಂದು ತೋರಿಸುವ ‘+ಎಫ್’ ಗುರುತಿನ ಹಾಲು, ಎಣ್ಣೆ ಕೊಳ್ಳಬಹುದು. ಆದರೂ ಒಂದು ಲೋಟ ಹಾಲಿನಲ್ಲಿ 40-60 ಯೂನಿಟ್ ಅಷ್ಟೇ. ರಾಗಿ, ಮಜ್ಜಿಗೆ, ತಂಬುಳಿ ಕ್ಯಾಲ್ಸಿಯಂಗೆ ಸರಿ, ಡಿಗೆ ಅಲ್ಲ.

ಎದೆಹಾಲಿನಲ್ಲಿ ಡಿ ಬಹಳ ಕಡಿಮೆಯಿರುವುದರಿಂದ ಮಗುವಿಗೆ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಬೇಕು. ಡ್ರಾಪ್ಸ್‌ನಲ್ಲಿ ಮಿ.ಲೀ.ಗೆ 400, ಮಿ.ಲೀ.ಗೆ 800, ಒಂದೇ ಹನಿಗೆ 400 ಹೀಗೆ ಬೇರೆ ಬೇರೆ ಸಿಗುತ್ತವೆ. ಬ್ರ್ಯಾಂಡ್ ಬದಲಾದಾಗ ಹಳೆಯ ಅಳತೆಯಲ್ಲೇ ಹಾಕಿದರೆ ಹಲವು ಪಟ್ಟು ಹೆಚ್ಚಾದೀತು. ಬಾಟಲಿಯ ಜತೆ ಬಂದ ಡ್ರಾಪರ್ ಬಿಟ್ಟು ಬೇರೆಯದನ್ನು ಬಳಸಬೇಡಿ.

ಜಿಲ್ಲೆಯ ವೈದ್ಯರಲ್ಲಿ ಒಂದೇ ಕೋರಿಕೆ: ಸ್ಯಾಶೆ ಬರೆಯುವಾಗ ‘ಭಾನುವಾರ ಮಾತ್ರ, 8 ವಾರ’ ಎಂದು ಕನ್ನಡದಲ್ಲಿ ಬರೆಯಿರಿ. ಅಂಗಡಿಯವರು ಎಂಟೂ ಸ್ಯಾಶೆಗಳ ಮೇಲೆ ಪೆನ್ನಿನಿಂದ ತಾರೀಕು ಹಾಕಿ ಕೊಟ್ಟರೆ ಎರಡು ನಿಮಿಷದ ಕೆಲಸ.

– ಒಬ್ಬ ಫಾರ್ಮಸಿಸ್ಟ್, ಕುಮಟಾ