ತಕದನೊಬಾಬಾದಿಂದ, ಹಳದಿ ಟೈಲ್ಸ್ ಬಗ್ಗೆ

ಪ್ರೀತಿಯ ಮಂಜು,

ನಿಮ್ಮ ಸ್ಟೇಷನ್ ಕೆಲಸ ಪ್ಲಾಟ್‌ಫಾರಂವರೆಗೆ ಬಂತು ಅಂತ ಬರೆದಿದ್ದೆಯಲ್ಲ, ಓದಿ ತುಂಬಾ ಖುಷಿಯಾಯಿತು. ಕಣ್ಣು ಕಾಣದವರಿಗೆ ಪಾದದಲ್ಲೇ ದಾರಿ ತಿಳಿಸುವ ಹಳದಿ ಉಬ್ಬು ಟೈಲ್ಸ್ ಹಾಕಿಸುವ ಮೊದಲು ಈ ಪತ್ರ ನಿನ್ನ ಕೈಗೆ ಸಿಗಲಿ ಅಂತ ಬೇಗ ಬರೆಯುತ್ತಿದ್ದೇನೆ.

ನಾನು ದಿನಾ ಓಡಾಡುವುದು ಟೋಕಿಯೊದ ತಕದನೊಬಾಬಾ ಸ್ಟೇಷನ್‌ನಲ್ಲಿ. ಊರು ಸುತ್ತುವ ಯಮನೋತೆ ಲೈನ್, ಸೆಯ್ಬು ರೈಲು, ನೆಲದಡಿಯ ತೋಝಾಯ್ ಮೆಟ್ರೊ, ಮೂರೂ ಇಲ್ಲಿ ಸೇರುತ್ತವೆ. ವಾಸೆದಾ ಯೂನಿವರ್ಸಿಟಿ ಹತ್ತಿರವೇ ಇದೆ. ಜಪಾನೀಸ್ ಕಲಿಸುವ ಶಾಲೆಗಳೂ ಬೇಕಾದಷ್ಟಿವೆ. ಹಾಗಾಗಿ ಎಲ್ಲಿ ನೋಡಿದರೂ ಹುಡುಗ ಹುಡುಗಿಯರು. ಹೊರಗೆ ಬಂದರೆ ರಾಮೆನ್ ಅಂಗಡಿ, ಹಳೇ ಪುಸ್ತಕದ ಅಂಗಡಿ, ಬರ್ಮಾದವರ ಹೋಟೆಲ್. ಸಂಜೆ ಸ್ಟೇಷನ್ ಮುಂದೆ ಗೆಳೆಯರಿಗಾಗಿ ಕಾಯುವವರ ಗುಂಪೋ ಗುಂಪು.

ಈ ನೂಕುನುಗ್ಗಲಿನ ನಡುವೆ ಬಿಳಿ ಕೋಲು ಹಿಡಿದವರೂ ಆಗಾಗ ಕಾಣುತ್ತಾರೆ. 1940ರಲ್ಲಿ ಶುರುವಾದ ಜಪಾನ್ ಬ್ರೈಲ್ ಲೈಬ್ರರಿ ಇರುವುದು ಈ ಏರಿಯಾದಲ್ಲೇ.

ಯಮನೋತೆ ಲೈನಿಗೆ ಇಲ್ಲಿರುವುದು ಒಂದೇ ಪ್ಲಾಟ್‌ಫಾರಂ, ಅದರ ಎರಡೂ ಬದಿಗೆ ಹಳಿ. 1973ರ ಫೆಬ್ರವರಿಯಲ್ಲಿ ಕಣ್ಣು ಕಾಣದ ಒಬ್ಬರು ಇಲ್ಲಿಂದ ಹಳಿ ಮೇಲೆ ಬಿದ್ದು, ರೈಲಿಗೆ ಸಿಕ್ಕಿ ತೀರಿಕೊಂಡರು. ಆಗ ಅಂಚಿನಲ್ಲಿ ಉಬ್ಬು ಟೈಲ್ಸ್ ಇರಲಿಲ್ಲ. ಸೆಯಿಚಿ ಮಿಯಾಕೆ ಅನ್ನುವವರು ಅದನ್ನು ಕಂಡುಹಿಡಿದು, ಒಕಾಯಾಮಾದಲ್ಲಿ ಅಂಧರ ಶಾಲೆ ಹತ್ತಿರದ ರಸ್ತೆಗೆ 1967ರಲ್ಲೇ ಹಾಕಿಸಿದ್ದರು. ಅಂದರೆ ದಾರಿ ಗೊತ್ತಿತ್ತು, ಇಲ್ಲಿಗೆ ತಲುಪಿರಲಿಲ್ಲ. ಮನೆಯವರು ಕೇಸು ಹಾಕಿದರು. ಅದು ರಾಜಿಯಾಗುವ ಹೊತ್ತಿಗೆ 1986 ಆಗಿತ್ತು. ಇದನ್ನು ತಿಳಿದ ಮೇಲೆ ಆ ಪ್ಲಾಟ್‌ಫಾರಂ ಮೇಲೆ ಸುಮ್ನೆ ನಿಲ್ಲಲು ನನಗೆ ಆಗುವುದಿಲ್ಲ. ಕಾಲು ತಾನಾಗೇ ಟೈಲ್ಸ್ ತಡವುತ್ತದೆ.

ನೀನೂ ಒಮ್ಮೆ ತೆಳು ಅಟ್ಟೆಯ ಚಪ್ಪಲಿ ಹಾಕಿಕೊಂಡು ನಡೆದು ನೋಡು. ಉದ್ದ ಗೆರೆಯ ಟೈಲ್ ಅಂದರೆ ನೇರ ನಡಿ. ಚುಕ್ಕಿಯ ಟೈಲ್ ಅಂದರೆ ನಿಲ್ಲು, ಮುಂದೆ ಮೆಟ್ಟಿಲೋ ತಿರುವೋ ಅಂಚೋ ಇದೆ. ಚುಕ್ಕಿ ಏಳುವುದು ಬರೀ 5 ಮಿಲಿಮೀಟರ್, ಆದರೂ ಪಾದಕ್ಕೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಪ್ಲಾಟ್‌ಫಾರಂ ಅಂಚಿನ ಟೈಲ್. ಚುಕ್ಕಿಗಳ ಸಾಲಿಗೆ ಒಳಗಿನ ಬದಿಯಲ್ಲಿ, ಅಂದರೆ ಹಳಿಯಿಂದ ದೂರದ ಬದಿಯಲ್ಲಿ, ಒಂದೇ ಒಂದು ಉದ್ದ ಗೆರೆ ಇರುತ್ತದೆ. ಬರೀ ಚುಕ್ಕಿ ಇದ್ದರೆ ಅಂಚು ಹತ್ತಿರ ಇದೆ ಅಂತ ಗೊತ್ತಾಗುತ್ತದೆ, ಹಳಿ ಯಾವ ಕಡೆ ಅಂತ ಗೊತ್ತಾಗುವುದಿಲ್ಲ. ಜನ ತಳ್ಳಿದಾಗ ದಿಕ್ಕು ತಪ್ಪಿದವರಿಗೆ ಆ ಗೆರೆಯೇ ಹೇಳಬೇಕು, ನನ್ನ ಕಡೆಗೆ ಬಾ ಅಂತ. ಈಗ ಇಲ್ಲಿ ತಡೆಬಾಗಿಲುಗಳೂ ಬಂದಿವೆ, ರೈಲು ನಿಂತ ಮೇಲೆ ತೆರೆದುಕೊಳ್ಳುತ್ತವೆ. ಅದಕ್ಕೆ ದುಡ್ಡು ಜಾಸ್ತಿ ಬೇಕು, ಒಪ್ಪುತ್ತೇನೆ. ಒಂದು ಗೆರೆಗೆ ಎಷ್ಟು ಬೇಕು ಹೇಳು?

ನಮ್ಮ ಮೆಟ್ರೊದಲ್ಲೂ ಹಳದಿ ಟೈಲ್ಸ್ ಇವೆ, ನನಗೆ ಹೆಮ್ಮೆಯೇ. ಆದರೆ ನಮ್ಮ ಫುಟ್‌ಪಾತ್‌ಗಳಲ್ಲಿ ಆ ಸಾಲು ನೇರ ಕರೆಂಟ್ ಕಂಬಕ್ಕೆ ಹೋಗಿ ಮುಟ್ಟುವುದನ್ನು ನೀನೂ ನೋಡಿದ್ದೀಯ, ಅಲ್ವಾ? ನಂಬಿ ನಡೆದವರನ್ನು ಕಂಬಕ್ಕೆ ಗುದ್ದಿಸುವುದಕ್ಕಿಂತ ಟೈಲ್ಸ್ ಹಾಕದಿರುವುದೇ ವಾಸಿ.

ನಿಮ್ಮ ಡ್ರಾಯಿಂಗ್‌ನಲ್ಲಿ ಅಂಚಿನ ಟೈಲ್ ಯಾವ ತರಹದ್ದು ಅಂತ ನಾಳೆಯೇ ನೋಡು. ಒಳಗೆರೆ ಇಲ್ಲದಿದ್ದರೆ ಮೇಲಿನವರ ಹತ್ತಿರ ಈಗಲೇ ಮಾತಾಡು. ಬೇಕಿದ್ದರೆ ಇಲ್ಲಿನ ಫೋಟೊ, ಅಳತೆ ಎಲ್ಲಾ ಕಳಿಸುತ್ತೇನೆ. ಸಿಮೆಂಟ್ ಗಟ್ಟಿಯಾದ ಮೇಲೆ ಯಾರೂ ಕೀಳಿಸುವುದಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ ಗೆಳೆಯ