ಬೀಗದ ಕೈ ಯಾರ ಹತ್ತಿರ?

ಕೊಡಗಿನ ಆಯುಧದ ಹಬ್ಬ ಕೈಲ್ ಮುಹೂರ್ತದ ಊಟಕ್ಕೆ ಇಲ್ಲಿ ಅಮೆರಿಕದಲ್ಲಿ ಪಾರ್ಕಿನಲ್ಲಿ ಸೇರಿದ್ದೆವಲ್ಲ, ಅವತ್ತು ಎಲ್ಲರ ಫೋನಿನಲ್ಲೂ ಊರಿನ ಫೋಟೋಗಳೇ. ಸಾಲಾಗಿ ಒರಗಿಸಿಟ್ಟ ಕೋವಿಗಳು, ನಳಿಗೆಯ ತುದಿಗೆ ಸಿಕ್ಕಿಸಿದ ತೋಕ್ ಪೂ ಎಂಬ ಹೂ, ಮುಂದೆ ದೀಪ. ಮೂರನೇ ಕ್ಲಾಸಿನ ಒಬ್ಬ ಹುಡುಗಿ ಕೇಳಿದಳು: "ಅಜ್ಜನ ಊರಲ್ಲಿ ಇಷ್ಟು ಗನ್ ಇದ್ರೆ, ಅಲ್ಲಿ ಸ್ಕೂಲಲ್ಲಿ ಲಾಕ್‌ಡೌನ್ ಡ್ರಿಲ್ ಜಾಸ್ತಿ ಇರುತ್ತಾ?" ಗನ್ ಹಿಡಿದವರು ನುಗ್ಗಿದರೆ ಬಾಗಿಲು ಹಾಕಿ ಅಡಗಿಕೊಳ್ಳುವ ಅಭ್ಯಾಸ ಅದು, ಇಲ್ಲಿನ ಶಾಲೆಗಳಲ್ಲಿ ಮಾಡಿಸುತ್ತಾರೆ. ಅವಳ ಅಮ್ಮ "ಇಲ್ಲ ಮಗಾ" ಅಂದರು. "ಯಾಕೆ ಇಲ್ಲ?" ಅಕ್ಕಿ ಉಂಡೆ ಕಡಂಬುಟ್ಟು ಬಡಿಸುತ್ತಿದ್ದ ನಾವು ಯಾರೂ ಬಾಯಿ ಬಿಡಲಿಲ್ಲ. ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆ ಇವತ್ತು ರಾತ್ರಿಯೇ ಹೋಗಬೇಕು. ದಸರಾ ಬಗ್ಗೆ ಬರೆಯೋಣ ಅಂತ ಕೂತೆ. ಆ ಪ್ರಶ್ನೆ ಬಿಡುತ್ತಿಲ್ಲ.

ನಮ್ಮ ಮನೆ ಕೊಡಗಿನ ಭಾಗಮಂಡಲದ ಕಡೆ. ಅಜ್ಜನ ಹತ್ತಿರ ಒಂದು ಜೋಡು ನಳಿಗೆ ಕೋವಿ ಇತ್ತು. ನಾಟಿ ಮುಗಿದು ಹಬ್ಬ ಹತ್ತಿರ ಬಂತು ಅಂದರೆ ಅಜ್ಜ ಜಗಲಿಯಲ್ಲಿ ಹಳೇ ಪಂಚೆ ಹಾಸಿ ಕೋವಿ ಬಿಚ್ಚಿಡುತ್ತಿದ್ದರು. ಉದ್ದನೆ ಕಡ್ಡಿಗೆ ಬಟ್ಟೆ ಸುತ್ತಿ, ಎಣ್ಣೆ ಹಚ್ಚಿ, ನಳಿಗೆಯ ಒಳಗೆ ಎಳೆಯುವುದು. ಹೊರಗೆ ಬಿಡದ ಮಳೆ. ಮಕ್ಕಳು ಸುತ್ತ ಕೂತು ನೋಡಬಹುದು, ಮುಟ್ಟುವ ಹಾಗಿಲ್ಲ. ಖಾಲಿ ಕೋವಿಯಾದರೂ ಅದರ ಬಾಯಿ ಮನುಷ್ಯರ ಕಡೆ ತಿರುಗಬಾರದು. ಒಮ್ಮೆ ಅಣ್ಣ ಆಟಕ್ಕೆ ಒಂದು ಕೋಲನ್ನು ನನ್ನ ಕಡೆ ಗುರಿ ಹಿಡಿದ. ಅಜ್ಜ ಎದ್ದು ಬಂದು ಕೋಲು ಕಿತ್ತು ಒಲೆಗೆ ಹಾಕಿದರು. ಬೈಯಲೂ ಇಲ್ಲ.

ತೋಟಾಗಳು ಅಟ್ಟದ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ತೋಟಕ್ಕೆ ಆನೆ ನುಗ್ಗಿದೆ ಅಂದರೂ ಅಜ್ಜ ಅಜ್ಜಿಯನ್ನು ಎಬ್ಬಿಸಿಯೇ ಕೈ ಇಸಕೊಳ್ಳಬೇಕು. ಒಬ್ಬ ಚಿಕ್ಕಪ್ಪ ಕುಡಿದು ಬಂದು ಆಸ್ತಿ ಪಾಲಿನ ಮಾತಿಗೆ ಎಗರಾಡಿದ ವರ್ಷ, ಅಜ್ಜಿ ಕೋವಿಯನ್ನೇ ಆಚೆ ಮನೆಗೆ ಕಳಿಸಿಬಿಟ್ಟರು. ಆ ಸಲ ಸುಗ್ಗಿ ಹಬ್ಬ ಹುತ್ತರಿಗೆ ಗದ್ದೆಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸಿದ್ದು ಆಚೆ ಮನೆಯ ಮಾವ. ಅಜ್ಜ ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದರು. ಅದರಲ್ಲಿ ಅವಮಾನ ಅಂತ ಯಾರಿಗೂ ಅನಿಸಲಿಲ್ಲ.

ಹಾಗಂತ ಕೊಡಗಿನಲ್ಲಿ ಕಾನೂನೇ ಇಲ್ಲ ಅನ್ನುವುದು ಸುಳ್ಳು. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಇವತ್ತಿಗೂ ನಡೆದುಬಂದಿದೆ. ಕೊಡವರಿಗೂ ಜಮ್ಮಾ ಭೂಮಿ, ಅಂದರೆ ವಂಶಪಾರಂಪರ್ಯದ ಜಮೀನು, ಇರುವವರಿಗೂ ಕೋವಿಗೆ ಲೈಸೆನ್ಸ್ ಬೇಡ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೂ ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಪಡೆಯಲೇಬೇಕು. ಇನ್ನು, ಹಂದಿ ಅಂದುಕೊಂಡು ಜೊತೆಗಾರನಿಗೇ ಹೊಡೆದದ್ದು, ತೋಟದ ಜಗಳದಲ್ಲಿ ಅಣ್ಣತಮ್ಮಂದಿರೇ ಕೋವಿ ಎತ್ತಿದ್ದು, ಊರಿನ ಪೇಪರ್ ಓದುವವರಿಗೆ ಗೊತ್ತೇ ಇದೆ. ಎಲ್ಲ ಮನೆಯಲ್ಲೂ ನಮ್ಮ ಅಜ್ಜಿ ಇರಲಿಲ್ಲ. ನಮ್ಮದು ಸಂಸ್ಕೃತಿ, ನಮಗೆ ಕಾನೂನು ಬೇಡ ಅನ್ನುವ ಮಾತನ್ನು ಅದಕ್ಕೇ ನಾನು ಒಪ್ಪುವುದಿಲ್ಲ.

ಇಲ್ಲಿ ಕೇಳಿಬರುವ ವಾದ ಇನ್ನೊಂದು. ಕಳ್ಳರು ಕಾನೂನು ಪಾಲಿಸುತ್ತಾರಾ, ಮತ್ತೆ ಕಾನೂನು ಮಾಡಿ ಏನು ಪ್ರಯೋಜನ? ಆದರೆ 2021ರಲ್ಲಿ ಅಮೆರಿಕದಲ್ಲಿ ಗುಂಡೇಟಿಗೆ ಸತ್ತ 48,830 ಜನರಲ್ಲಿ 26,328 ಜನ ಆತ್ಮಹತ್ಯೆ ಮಾಡಿಕೊಂಡವರು. ಅವರು ಕಳ್ಳರಲ್ಲ, ಅಲ್ವಾ? ಆ ಕೆಟ್ಟ ಹೊತ್ತಿನಲ್ಲಿ ಕೋವಿ ಕೈಗೆ ಸಿಗದಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಅಮೆರಿಕದ ಸಂಶೋಧನಾ ಸಂಸ್ಥೆ ರ‍್ಯಾಂಡ್ ಕೋವಿ ಕಾನೂನುಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದೆ. ಬಹಳಷ್ಟು ಕಾನೂನುಗಳ ಬಗ್ಗೆ ಗಟ್ಟಿಯಾಗಿ ಹೇಳಲು ಪುರಾವೆ ಸಾಲದು ಅನ್ನುತ್ತದೆ. 1996ರ ನಂತರ ಎರಡು ದಶಕ ಇಲ್ಲಿನ ಕೇಂದ್ರ ಸರ್ಕಾರ ಇಂಥ ಸಂಶೋಧನೆಗೆ ಹೆಚ್ಚುಕಮ್ಮಿ ಹಣವನ್ನೇ ಕೊಡಲಿಲ್ಲ, ಪುರಾವೆ ಎಲ್ಲಿಂದ ಬರಬೇಕು? ಅಷ್ಟಿದ್ದೂ ಒಂದು ವಿಷಯ ಸ್ಪಷ್ಟ. ಮಕ್ಕಳ ಕೈಗೆ ಸಿಗದ ಹಾಗೆ ಕೋವಿ ಇಡಬೇಕು ಎಂಬ ಕಾನೂನಿನಿಂದ ಎಳೆಯರ ಆತ್ಮಹತ್ಯೆಯೂ ಆಕಸ್ಮಿಕ ಗುಂಡೇಟೂ ಕಡಿಮೆಯಾಗಿವೆ. ಆಸ್ಟ್ರೇಲಿಯಾ 1996ರಲ್ಲಿ ಒಂದೇ ಗುಂಡಿನ ದಾಳಿಯಲ್ಲಿ 35 ಜನ ಸತ್ತ ಮೇಲೆ ಸುಮಾರು ಆರೂವರೆ ಲಕ್ಷ ಕೋವಿ ವಾಪಸ್ ಕೊಂಡಿತು. ಅಲ್ಲಿ ಕೊಲೆ ಇಳಿದದ್ದು ಅದರಿಂದಲೇನಾ ಅಂತ ಪಂಡಿತರು ಇನ್ನೂ ಜಗಳವಾಡುತ್ತಾರೆ. ಆಡಲಿ. ಅಜ್ಜಿಯ ಸೊಂಟದ ಕೆಲಸ ಮಾಡುವ ಕಾನೂನು ಫಲ ಕೊಡುತ್ತದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ನಮ್ಮ ಸಂಘದಲ್ಲೂ ಕೋವಿ ಕೊಂಡವರು ಇದ್ದಾರೆ. ದಯವಿಟ್ಟು ಬೀಗ ಹಾಕಿ, ತೋಟಾ ಬೇರೆ ಇಡಿ. ಎಷ್ಟೋ ಊರುಗಳಲ್ಲಿ ಪೊಲೀಸ್ ಠಾಣೆಯಲ್ಲೇ ಬೀಗ ಪುಕ್ಕಟೆ ಸಿಗುತ್ತದೆ. ಮಕ್ಕಳನ್ನು ಬೇರೆ ಮನೆಗೆ ಆಟಕ್ಕೆ ಕಳಿಸುವಾಗ "ಮನೇಲಿ ಗನ್ ಇದೆಯಾ, ಬೀಗ ಹಾಕಿದ್ದೀರಾ" ಅಂತ ಕೇಳಿ. ಕಡಲೆಕಾಯಿ ಅಲರ್ಜಿ ಬಗ್ಗೆ ಕೇಳುತ್ತೇವಲ್ಲ, ಇದನ್ನೂ ಕೇಳಬಹುದು. ಮನಸ್ಸಿಗೆ ತೀರಾ ಕಷ್ಟ ಆದಾಗ ಸಹಾಯವಾಣಿ 988ಕ್ಕೆ ಕರೆ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ.

ಬೇಗ ಬೇಗ ಕೆಲವು ಸೂಚನೆ: ದಸರಾ ಬೊಂಬೆ ನೋಡಲು ಕರೆಯುವವರು ಈ ವಾರದೊಳಗೆ ವಿಳಾಸ ಕಳಿಸಿ. ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ, ಮಕ್ಕಳ ನಾಟಕಕ್ಕೆ ಇನ್ನೂ ಇಬ್ಬರು ಬೇಕು. ಕನ್ನಡ ಕ್ಲಾಸ್ ಭಾನುವಾರ ಹತ್ತು ಗಂಟೆಗೆ ಬದಲಾಗಿದೆ. ಹುತ್ತರಿ ಊಟಕ್ಕೆ ದೊಡ್ಡ ಪಾತ್ರೆ ಇರುವವರು ತಿಳಿಸಿ. ಪುಟ ಜೋಡಿಸುತ್ತಿದ್ದವರು ಮುಂದಿನ ತಿಂಗಳು ಬೆಂಗಳೂರಿಗೆ ವಾಪಸ್ ಹೋಗುತ್ತಿದ್ದಾರೆ. ಬರೆಯುವುದು, ತಿದ್ದುವುದು, ಜೋಡಿಸುವುದು ಎಲ್ಲ ಒಬ್ಬರಿಂದ ಆಗುವುದಿಲ್ಲ. ತಿಂಗಳಿಗೆ ಒಂದು ಸಂಜೆ ಕೊಡುವವರು ಯಾರಾದರೂ ಮುಂದೆ ಬನ್ನಿ. ಕೆಲಸ ನಾನೇ ಹೇಳಿಕೊಡುತ್ತೇನೆ.